ನನ್ನ ನೋಟ್ಸಿನಲ್ಲಿ ಇಲ್ಲದ ಉತ್ತರ

ಹತ್ತೊಂಬತ್ತು ವರ್ಷಗಳಿಂದ ನಾನು ಪದವಿಪೂರ್ವ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಬರೆಸುತ್ತಿದ್ದೇನೆ ಎಂದರೆ ಸತ್ಯಕ್ಕೆ ಇನ್ನೂ ಹತ್ತಿರವಾದೀತು. ನಮ್ಮ ಕಡೆ ವಿಜ್ಞಾನದ ತರಗತಿ ನಡೆಯುವ ರೀತಿಯೇ ಅದು. ಉಪನ್ಯಾಸಕರು ತಮ್ಮ ಹಳೆಯ ನೋಟ್‌ಬುಕ್ಕನ್ನು ಮೇಜಿನ ಮೇಲೆ ತೆರೆದಿಟ್ಟು ಒಂದೊಂದೇ ವಾಕ್ಯ ಓದುತ್ತಾರೆ; ಮಕ್ಕಳು ತಲೆ ಎತ್ತದೆ ಬರೆದುಕೊಳ್ಳುತ್ತಾರೆ; ಪರೀಕ್ಷೆಯಲ್ಲಿ ಅದನ್ನೇ ಮರಳಿ ಒಪ್ಪಿಸುತ್ತಾರೆ. ಪಠ್ಯಪುಸ್ತಕವೂ ಇರುತ್ತದೆ. ಅದು ಚೀಲದ ತಳದಲ್ಲಿ, ಬುತ್ತಿಯ ಡಬ್ಬಿ ಅಲುಗಾಡದಂತೆ ಆನಿಕೆಯಾಗಿ ಇರುತ್ತದೆ.

ನನ್ನ ನೋಟ್‌ಬುಕ್ಕಿಗೆ ಕಂದು ಬಣ್ಣದ ರಟ್ಟು. ಕೊಪ್ಪಳದಲ್ಲಿ ಬಿ.ಎಸ್ಸಿ. ಓದುವಾಗ ನನ್ನ ಗುರುಗಳು ಬರೆಸಿದ್ದನ್ನು ನಾನು ಅದರಲ್ಲಿ ಶುದ್ಧ ಅಕ್ಷರಗಳಲ್ಲಿ ನಕಲು ಮಾಡಿಕೊಂಡಿದ್ದೆ. ಅವರಿಗೆ ಯಾರು ಬರೆಸಿದ್ದರೋ ನಾನು ಕೇಳಿರಲಿಲ್ಲ. ಕೇಳುವುದು ಅವಿನಯವೆಂದು ತಿಳಿದಿದ್ದೆ.

ನಮ್ಮ ಕಾಲೇಜಿನಲ್ಲಿ ನಾನು, ಹಂಪಣ್ಣ ಸರ್, ಎಂದರೆ ನಕಲು ಹಿಡಿಯುವವರು ಎಂದೇ ಪ್ರಸಿದ್ಧಿ. ಮೂರು ವರ್ಷಗಳ ಹಿಂದೆ ವಾರ್ಷಿಕ ಪರೀಕ್ಷೆಯ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರ ತಮ್ಮನ ಅಂಗಿಯ ತೋಳಿನಿಂದ ಚೀಟಿ ತೆಗೆದು ಅವನನ್ನು ಹೊರಗೆ ಕಳಿಸಿದೆ. ಅದು ತಪ್ಪೆಂದು ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅಂದಿನಿಂದ ಸಿಬ್ಬಂದಿ ಕೋಣೆಯಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರ ಡಬ್ಬಿಗಳೂ ಒಂದು ಮೇಜಿನ ಮೇಲೆ ತೆರೆದುಕೊಳ್ಳುತ್ತವೆ, ನನ್ನದು ಕಿಟಕಿಯ ಬಳಿಯ ಇನ್ನೊಂದರ ಮೇಲೆ. ಯಾರೂ ಹೀಗೆ ಕೂರೆಂದು ಹೇಳಲಿಲ್ಲ. ಒಂದು ದಿನ ಆ ಮೇಜಿನಲ್ಲಿ ಜಾಗವಿರಲಿಲ್ಲ, ಮರುದಿನವೂ ಇರಲಿಲ್ಲ, ಮೂರನೆಯ ದಿನ ನಾನೇ ನೋಡುವುದನ್ನು ಬಿಟ್ಟೆ. ಶೇಂಗಾ ಚಟ್ನಿಯ ಬಟ್ಟಲು ಆ ಮೇಜನ್ನು ಸುತ್ತಿ ಅಲ್ಲಿಯೇ ಖಾಲಿಯಾಗುತ್ತದೆ. ಸಂಜೆ ಬಸ್ಸಿನಲ್ಲಿ ಕುಕನೂರಿಗೆ ಬಂದು ಬಾಡಿಗೆಯ ಕೋಣೆಯ ಬೀಗ ತೆಗೆಯುತ್ತೇನೆ. ನನ್ನ ಹೆಂಡತಿ ವಿರೂಪಾಕ್ಷಮ್ಮ ಗಂಗಾವತಿಯಲ್ಲಿ ನರ್ಸ್. ಅವಳ ಪಾಳಿಗೂ ನನ್ನ ರಜೆಗೂ ಹೊಂದುವುದು ತಿಂಗಳಿಗೆ ಒಂದೋ ಎರಡೋ ಭಾನುವಾರ. ಸತ್ಯವಂತನಿಗೆ ಏಕಾಂತ ಬರುವುದು ಸಹಜವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಆ ಸಮಾಧಾನದಲ್ಲಿ ಎಷ್ಟು ಗರ್ವವಿತ್ತೆಂಬುದು ಕಳೆದ ಕಾರ್ತಿಕದಲ್ಲಿ ತಿಳಿಯಿತು.

ಆ ತಿಂಗಳ ಪಾಠ, ಜೀವಕೋಶದಲ್ಲಿ ಪ್ರೋಟೀನು ತಯಾರಾಗುವ ಬಗೆ. ಮೂರು ವಿಧದ ಆರ್‌ಎನ್‌ಎ ಸೇರಿ ಆ ಕೆಲಸ ಮಾಡುತ್ತವೆ. ಪ್ರತಿ ವರ್ಷವೂ ನಾನು ನೋಟ್ಸಿನ ಜೊತೆಗೆ ಒಂದು ಹೋಲಿಕೆಯನ್ನು ಸೇರಿಸಿ ಹೇಳುತ್ತಿದ್ದೆ. ಮನೆ ಕಟ್ಟುವ ಮೂಲ ನಕ್ಷೆ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ಅದು ಡಿಎನ್‌ಎ. ಅದರಿಂದ ಬೇಕಾದಷ್ಟನ್ನು ಮಾತ್ರ ನಕಲು ಮಾಡಿಕೊಂಡು ಕೆಲಸದ ಜಾಗಕ್ಕೆ ಬರುವ ಪ್ರತಿ, ಸಂದೇಶವಾಹಕ ಆರ್‌ಎನ್‌ಎ. ಆ ಪ್ರತಿಯಲ್ಲಿ ಮೂರು ಮೂರು ಅಕ್ಷರಗಳ ಗುರುತುಗಳಿರುತ್ತವೆ. ಒಂದೊಂದು ಗುರುತಿಗೂ ಒಂದೊಂದು ಅಮೈನೋ ಆಮ್ಲ. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರಂತೆ ಬೆನ್ನ ಮೇಲೆ ಅಮೈನೋ ಆಮ್ಲ ಹೊತ್ತು, ತನ್ನ ಗುರುತು ಎಲ್ಲಿದೆಯೋ ಅಲ್ಲಿಯೇ ತಂದು ಇಳಿಸುವುದು ವರ್ಗಾವಣೆಯ ಆರ್‌ಎನ್‌ಎ. ಕೊನೆಯದು ರೈಬೋಸೋಮಿನ ಆರ್‌ಎನ್‌ಎ. ಅದರ ಬಗ್ಗೆ ನನ್ನ ನೋಟ್ಸಿನಲ್ಲಿ ಇದ್ದದ್ದು ಎರಡೇ ವಾಕ್ಯ: ಅದು ಉಳಿದವು ಕುಳಿತು ಕೆಲಸ ಮಾಡುವ ಕಟ್ಟೆ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಒಂದು ಪ್ರೋಟೀನು ಕಿಣ್ವದ್ದು. ಈ ಎರಡು ವಾಕ್ಯಗಳನ್ನು ಹತ್ತೊಂಬತ್ತು ತಂಡಗಳಿಗೆ ಬರೆಸಿದ್ದೇನೆ.

ಈ ಪಾಠದ ಮೇಲೆ ಕಿರುಪರೀಕ್ಷೆ ಕೊಟ್ಟೆ. ಮೂರು ಆರ್‌ಎನ್‌ಎಗಳ ಪಾತ್ರವೇನೆಂಬ ಪ್ರಶ್ನೆಗೆ ಐದು ಅಂಕ. ದಲ್ಲಾಳಿ ಅಂಗಡಿಯವರ ಮಗ ಕಲ್ಲೇಶ ನನ್ನ ನೋಟ್ಸನ್ನು ಅಲ್ಪವಿರಾಮಗಳ ಸಮೇತ ಒಪ್ಪಿಸಿದ್ದ. ಅವನಿಗೆ ಐದು ಕೊಟ್ಟು ಕೆಳಗೆ ‘ಉತ್ತಮ’ ಎಂದು ಬರೆದೆ. ಅದರ ಕೆಳಗಿದ್ದದ್ದು ಸುರೇಖಾಳ ಉತ್ತರಪತ್ರಿಕೆ.

ಸುರೇಖಾ ಹಿಂದಿನ ಸಾಲಿನ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು, ಇಂಗ್ಲಿಷು ಕಷ್ಟ. ಹತ್ತಿಯ ಹೈಬ್ರಿಡ್ ಬೀಜ ತಯಾರಿಸುವ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಮುಟ್ಟಿಸುವ ಕೆಲಸ ನಡೆಯುವ ದಿನಗಳಲ್ಲಿ ಅವಳು ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದಳು. ನಮ್ಮ ಕಡೆ ಈ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಹುಡುಗಿಯರನ್ನು ಕರೆಯುತ್ತಾರೆ. ಆ ತಿಂಗಳು ಹನ್ನೆರಡು ದಿನ ಬಂದಿರಲಿಲ್ಲ. ಅಂಥ ಹುಡುಗಿ, ಇಂಗ್ಲಿಷಿನಲ್ಲಿಯೇ, ನನ್ನ ನೋಟ್ಸಿನ ಒಂದು ಪದವೂ ಇಲ್ಲದೆ ಒಂದು ಪುಟ ಬರೆದಿದ್ದಳು. ವ್ಯಾಕರಣ ಅಲ್ಲಲ್ಲಿ ಮುರಿದಿತ್ತು. ಕೊನೆಯಲ್ಲಿ, ರೈಬೋಸೋಮಿನ ಆರ್‌ಎನ್‌ಎ ಬರೀ ಕೂಡುವ ಜಾಗವಲ್ಲ, ಬೆಸೆಯುವ ಕೆಲಸವನ್ನೂ ಅದೇ ಮಾಡುತ್ತದೆ, ಅದೇ ಕಿಣ್ವ, ಎಂಬ ಅರ್ಥದ ವಾಕ್ಯವಿತ್ತು.

ಇದು ತಪ್ಪು ಎಂದು ನಾನು ಗುರುತು ಹಾಕಿದ್ದರೆ ಅದು ಅಜ್ಞಾನವಾಗುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಇದು ಅವಳದಲ್ಲ ಎಂದು ತೀರ್ಮಾನಿಸಿದೆ. ಮರುದಿನ ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದೆ.

“ಇದನ್ನ ಯಾರದು ನೋಡಿ ಬರದೀ?”

“ಯಾರದೂ ನೋಡಿಲ್ರಿ ಸರ.”

“ಹಂಗಾರ ಎಲ್ಲಿಂದ ಬಂತು? ಮೊಬೈಲ್‌ದಾಗಿಂದೇನು?”

“ಪುಸ್ತಕದಾಗಿಂದ್ರಿ.”

ಯಾರೋ ನಕ್ಕರು. ಆ ನಗೆ ನನಗೆ ಬಲ ಕೊಟ್ಟಿತು. ಪುಸ್ತಕದಲ್ಲಿ ಏನಿದೆ ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂದೆ. ಆ ಪುಸ್ತಕ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

ಸೊನ್ನೆ ಹಾಕಿ, ಪ್ರಕರಣವನ್ನು ಪ್ರಾಚಾರ್ಯರಾದ ವೆಂಕೋಬ ಅವರ ಮುಂದೆ ಇಟ್ಟೆ. ಅವರು ಶಾಂತಿಪ್ರಿಯರು, ಕಿರುಪರೀಕ್ಷೆಗೆ ಇಷ್ಟು ದೊಡ್ಡ ಗದ್ದಲ ಬೇಡವೆಂದರು. ನಕಲಿನಲ್ಲಿ ಕಿರಿದು ಹಿರಿದು ಇಲ್ಲವೆಂದು ನಾನು ವಾದಿಸಿದೆ. ಕೊನೆಗೆ ಒಂದು ನಿರ್ಧಾರವಾಯಿತು: ನಕಲು ಮಾಡಿದ್ದೇನೆಂದು ಸುರೇಖಾ ತಪ್ಪೊಪ್ಪಿಗೆ ಬರೆದು, ಮನೆಯವರಿಂದ ಸಹಿ ಮಾಡಿಸಿಕೊಂಡು ಬರಬೇಕು, ಅಲ್ಲಿಯವರೆಗೆ ತರಗತಿಗೆ ಪ್ರವೇಶವಿಲ್ಲ. ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, “ನಾ ಬರ್ಯಾಂಗಿಲ್ರಿ” ಎಂದು ಹೊರಗೆ ಹೋದಳು.

ಮನೆಗೆ ಹೋಗಲಿಲ್ಲ. ಮೂರು ದಿನ ಬೆಳಿಗ್ಗೆ ಬಂದು ಅಂಗಳದ ನೀರಿನ ತೊಟ್ಟಿಯ ಪಕ್ಕ, ಬೇವಿನ ಮರದ ಕೆಳಗೆ ಕೂತು, ಸಂಜೆಯ ಗಂಟೆಯಾದ ಮೇಲೆ ಎದ್ದು ಹೋಗುತ್ತಿದ್ದಳು. ನೀರು ಕುಡಿಯಲು ಬಂದ ಗೆಳತಿಯರು ಅವಳನ್ನು ಬಳಸಿ ದೂರದಿಂದ ಹೋಗುವುದನ್ನು ಕಾರಿಡಾರಿನಿಂದ ಕಂಡೆ. ಮಧ್ಯಾಹ್ನ ಅವಳು ಅಲ್ಲಿ ಒಬ್ಬಳೇ ರೊಟ್ಟಿ ಬಿಚ್ಚುತ್ತಿದ್ದಳು, ನಾನು ಕಿಟಕಿಯ ಬಳಿ ಒಬ್ಬನೇ ಡಬ್ಬಿ ತೆರೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಕಿಟಕಿಯ ಸರಳು ಮಾತ್ರ. ಹೀಗಿದ್ದೂ ಅವಳ ಒಂಟಿತನ ಶಿಕ್ಷೆ, ನನ್ನದು ತಪಸ್ಸು ಎಂದು ನಾನು ನಂಬಿದ್ದೆ.

ನಾಲ್ಕನೆಯ ದಿನ ಹನ್ನೊಂದರ ಸುಮಾರಿಗೆ ಅವಳ ತಾಯಿ ಫಕೀರಮ್ಮ ಬಂದಳು. ಹೊಲದ ಕೆಲಸವನ್ನು ಅರ್ಧಕ್ಕೆ ಬಿಟ್ಟು ನೇರ ಬಂದಿದ್ದಳು; ಸೆರಗಿಗೆ ಹತ್ತಿಯ ಹೂವಿನ ಹಳದಿ ಪುಡಿ ಅಂಟಿತ್ತು. ಪ್ರಾಚಾರ್ಯರ ಕೋಣೆಯಲ್ಲಿ ಕುರ್ಚಿಯಿತ್ತು, ಕೂರೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

“ಏನಬೇ, ಕಾಗದ ತಂದಿ?” ಎಂದು ಕೇಳಿದೆ.

ಅವಳು ಕಾಗದ ತಂದಿರಲಿಲ್ಲ. ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟಳು. ಕ್ರಾಸ್ ಮಾಡಿದ ಹೂವಿಗೆ ಗುರುತಿಗಾಗಿ ಕಟ್ಟುವ ಕೆಂಪು ದಾರವನ್ನು ಒಂದು ಪುಟದ ನಡುವೆ ಇಟ್ಟಿದ್ದಳು.

“ಸರ, ನನಗ ಓದಾಕ ಬರಂಗಿಲ್ಲ. ಮಗಳು ಇದರಾಗ ಐತಿ ಅಂತಾಳ. ನೀವು ಇಲ್ಲ ಅಂತೀರಿ. ಈ ದಾರ ಇದ್ದಲ್ಲಿ ನೀವ ಓದಿ ಹೇಳ್ರಿ. ಇಲ್ಲಂದ್ರ ಇಲ್ಲೇ ಹೆಬ್ಬೆಟ್ಟ ಒತ್ತಿ ಹೋಗ್ತೀನಿ.”

ವೆಂಕೋಬ ಅವರು ನನ್ನ ಮುಖ ನೋಡಿದರು. ನಾನು ಪುಸ್ತಕ ತೆರೆದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥಗಳನ್ನು ಬರೆದುಕೊಂಡಿದ್ದಳು. ಕೆಲವು ಅರ್ಥಗಳನ್ನು ಹೊಡೆದು ಮತ್ತೆ ಬರೆದಿದ್ದಳು. ಅವುಗಳ ನಡುವೆ, ಅಚ್ಚಿನ ಕಪ್ಪು ಅಕ್ಷರದಲ್ಲಿ, ಆ ವಾಕ್ಯವಿತ್ತು. ರೈಬೋಸೋಮು ಕಿಣ್ವವಾಗಿಯೂ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಪೆಪ್ಟೈಡ್ ಬಂಧವನ್ನು ಉಂಟುಮಾಡುವುದು ರೈಬೋಸೋಮಿನ ಆರ್‌ಎನ್‌ಎಯೇ. ಎರಡು ಸಲ ಓದಿದೆ. ಮೂರನೆಯ ಸಲ ಓದುವಂತೆ ನಟಿಸಿದೆ.

ನೋಟ್ಸು ಬರೆದುಕೊಂಡ ಐವತ್ತು ಮಕ್ಕಳಿಗೆ ಇದು ಗೊತ್ತಿರಲಿಲ್ಲ. ನೋಟ್ಸು ಸಿಗದೆ, ಕೇಳಿದರೆ ಕೊಡುವವರೂ ಇಲ್ಲದೆ, ಬೇರೆ ದಾರಿ ಕಾಣದೆ ಪುಸ್ತಕವನ್ನೇ ಓದಿದ ಒಬ್ಬಳಿಗೆ ಗೊತ್ತಿತ್ತು.

ಫಕೀರಮ್ಮ ಕಾಯುತ್ತಾ ನಿಂತಿದ್ದಳು. ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಹೇಳಲು ಪದವಿ ಬೇಡ, ಪಾಂಡಿತ್ಯ ಬೇಡ.

“ನೋಡಿ ನಾಳಿ ಹೇಳ್ತೀನಿ,” ಎಂದೆ.

ಅವಳು ಒಂದು ಕ್ಷಣ ನನ್ನ ಕಣ್ಣನ್ನೇ ನೋಡಿದಳು. ಓದು ಬಾರದವರಿಗೆ ಮುಖ ಓದಲು ಚೆನ್ನಾಗಿ ಬರುತ್ತದೆ. ಪುಸ್ತಕವನ್ನು ಎತ್ತಿಕೊಂಡು, “ಆತ್ರಿ, ಇದು ಅಕೀಗಿ ಬೇಕಾಗ್ತೈತಿ” ಎಂದು ಹೊರಟಳು.

ಅವಳು ಹೋದ ಮೇಲೆ ವೆಂಕೋಬ ಅವರು ವಿಷಯವೇನೆಂದು ಕೇಳಿದರು. ಹೇಳಿದೆ. ಅವರಿಗೆ ಆಶ್ಚರ್ಯವೂ ಆಗಲಿಲ್ಲ, ಕೋಪವೂ ಬರಲಿಲ್ಲ. ಹುಡುಗಿಯನ್ನು ಸುಮ್ಮನೆ ಒಳಗೆ ಕರೆದುಕೊಂಡು, ಐದಕ್ಕೆ ಐದು ಹಾಕಿ, ಮುಗಿಸಿಬಿಡಿ ಎಂದರು. ಕಾಗದಪತ್ರ ಯಾವುದೂ ಹೊರಗೆ ಹೋಗಿಲ್ಲವಲ್ಲ ಎಂದರು. ಬಳಿಕ ನಗುತ್ತ ಸೇರಿಸಿದರು: “ಕ್ಲಾಸಿನಾಗ ಮಾತ್ರ ಬಾಯಿ ಬಿಡಬ್ಯಾಡ್ರಿ. ಹಂಪಣ್ಣ ಸರ ತಪ್ಯಾರ ಅಂದ್ರ ನಮ್ಮ ಸ್ಟಾಫ್ ರೂಮಿನಾಗ ಹೋಳಿಗಿ ಮಾಡಸ್ತಾರ.”

ಅದು ಹಾಸ್ಯವಾಗಿದ್ದರೂ ಸುಳ್ಳಾಗಿರಲಿಲ್ಲ. ಆ ಸಂಜೆ ಕೋಣೆಗೆ ಬಂದು ಅಕ್ಕಿ ತೊಳೆದಿಟ್ಟು, ಒಲೆ ಹಚ್ಚದೆ ಕೂತೆ. ಎಲ್ಲರಂತೆ ನಕಲನ್ನು ಕಂಡೂ ಕಾಣದ ಹಾಗೆ ನಾನು ಇರದ ಕಾರಣಕ್ಕೆ ನನ್ನನ್ನು ದೂರ ಇಟ್ಟವರು ಆ ಮೇಜಿನ ಸುತ್ತ ಕೂತಿದ್ದರು. ಅವರ ಮುಂದೆ ನನಗಿದ್ದ ಒಂದೇ ಆಸ್ತಿಯೆಂದರೆ, ತಪ್ಪು ಹಿಡಿಯುವವನು ತಪ್ಪು ಮಾಡಿಲ್ಲ ಎಂಬ ಹೆಸರು. ಅದೂ ಹೋದರೆ ಮೂರು ವರ್ಷ ಆ ಕಿಟಕಿಯ ಬಳಿ ಕೂತದ್ದಕ್ಕೆ ಅರ್ಥವೇನು? ಹೀಗೆ ಯೋಚಿಸುತ್ತಿದ್ದಾಗ, ಇದುವರೆಗೂ ನಾನು ಸುರೇಖಾಳ ಬಗ್ಗೆ ಒಂದು ಕ್ಷಣವೂ ಯೋಚಿಸಿಲ್ಲ, ನನ್ನ ಹೆಸರಿನ ಬಗ್ಗೆಯೇ ಯೋಚಿಸಿದ್ದೇನೆ ಎಂಬುದು ಹೊಳೆದು ನಾಚಿಕೆಯಾಯಿತು. ವಿರೂಪಾಕ್ಷಮ್ಮ ಫೋನ್ ಮಾಡಿದಳು. ಅವಳಿಗೆ ಎಲ್ಲವನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಪಾಳಿಗೆ ಹೊರಡುವ ಅವಸರದಲ್ಲಿದ್ದಳು. ಉಂಡಿರಾ ಎಂದು ಕೇಳಿದಳು. ಉಂಡೆ ಎಂದೆ.

ಮರುದಿನ ಮೊದಲ ಅವಧಿಗೆ ಹೋಗುವ ಮುನ್ನ ಜವಾನ ಶಫೀಸಾಬನನ್ನು ಬೇವಿನ ಮರದ ಬಳಿಗೆ ಕಳಿಸಿ ಸುರೇಖಾಳನ್ನು ಕರೆಸಿದೆ. ಅವಳು ಬಂದು ತನ್ನ ಜಾಗದಲ್ಲಿ, ಹಿಂದಿನ ಸಾಲಿನ ತುದಿಯಲ್ಲಿ, ಕೂತಳು. ಪಕ್ಕದ ಹುಡುಗಿ ಸ್ವಲ್ಪ ದೂರ ಸರಿದಳು. ನಾನು ಕಂದು ರಟ್ಟಿನ ನೋಟ್‌ಬುಕ್ಕನ್ನು ತರದೆ ಪಠ್ಯಪುಸ್ತಕವನ್ನು ತಂದಿದ್ದೆ. ಎಲ್ಲರಿಗೂ ಪುಸ್ತಕ ತೆಗೆಯಲು ಹೇಳಿದೆ. ಅರ್ಧ ಜನರ ಬಳಿ ಇರಲೇ ಇಲ್ಲ. ಆ ವಾಕ್ಯವನ್ನು ಓದಿದೆ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಂದೇಶವಾಹಕ ತಂದ ಬರಹವನ್ನು ಓದಿಸುವುದು, ಹೊತ್ತು ತಂದದ್ದನ್ನು ಸರಿಯಾದ ಕಡೆ ನಿಲ್ಲಿಸುವುದು, ಕೊನೆಗೆ ಒಂದನ್ನೊಂದು ಬೆಸೆಯುವುದು, ಇವೆಲ್ಲವೂ ನಾವು ಕಟ್ಟೆ ಎಂದು ಕರೆದದ್ದರ ಒಳಗೆ ಅದರ ಕೈಯಿಂದಲೇ ಆಗುತ್ತವೆ ಎಂದೆ. ನಾನು ಬರೆಸಿದ್ದು ತಪ್ಪು, ಹೊಡೆದು ಹಾಕಿರಿ ಎಂದೆ. ಸುರೇಖಾಳ ಉತ್ತರ ಸರಿ, ಅವಳು ಯಾರದನ್ನೂ ನೋಡಿ ಬರೆದಿಲ್ಲ, ಅವಳಿಗೆ ಐದು ಅಂಕ ಎಂದೆ.

ಕಲ್ಲೇಶ ಎದ್ದು ನಿಂತ. “ಸರ, ಪರೀಕ್ಷಾದಾಗ ಯಾವುದು ಬರೀಬೇಕ್ರಿ? ನಿಮ್ಮದೋ, ಪುಸ್ತಕದ್ದೋ?”

ತುಂಟತನದಿಂದ ಕೇಳಿದ ಪ್ರಶ್ನೆಯಲ್ಲ ಅದು. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅವನನ್ನು ಹಾಗೆ ಬೆಳೆಸಿದವನು ನಾನೇ. ಖರೇ ಯಾವುದೋ ಅದನ್ನು ಬರೆಯಬೇಕು ಎಂದು ಹೇಳಿ ಕೂರಿಸಿದೆ. ಪೆನ್ನುಗಳು ಗೀರುವ ಸದ್ದು ಕೇಳಿಸಿತು. ಕರ್ತವ್ಯ ಮುಗಿಯಿತೆಂಬ ಹಗುರ ನನ್ನ ಎದೆಗೆ ಬರತೊಡಗಿತ್ತು. ಆಗ ಸುರೇಖಾ ಎದ್ದಳು.

“ಸರ, ತಪ್ಪು ಯಾರಿಗಿ ಆಗಂಗಿಲ್ಲ ಹೇಳ್ರಿ. ಉತ್ತರ ತಪ್ಪು ಅಂದಿದ್ರ ನಾ ಸುಮ್ನ ಕೂಡತಿದ್ದೆ. ನೀವು ಅದನ್ನ ಕೇಳ್ಲಿಲ್ಲ. ಯಾರದು ನೋಡಿ ಬರದೀ ಅಂದ್ರಿ. ಅದ್ಯಾಕ ಅಂದ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ವಿದ್ಯಾರ್ಥಿಯೊಬ್ಬಳು ಗುರುವನ್ನು ಕೇಳುವ ದನಿಯದು. ಅದಕ್ಕಾಗಿಯೇ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೋಟ್ಸು ಹಳೆಯದು ಎನ್ನಬಹುದಿತ್ತು. ನಕಲು ಹೆಚ್ಚಾಗಿದೆ, ಎಲ್ಲರ ಮೇಲೂ ಸಂಶಯ ಬರುತ್ತದೆ ಎನ್ನಬಹುದಿತ್ತು. ಆದರೆ ನನ್ನದನ್ನೆಲ್ಲ ಹಾಗೇ ಇಳಿಸಿದ ಕಲ್ಲೇಶ ಪ್ರಾಮಾಣಿಕನೆನಿಸಿಕೊಂಡ, ನನ್ನದೊಂದನ್ನೂ ಮುಟ್ಟದ ಇವಳು ಕಳ್ಳಿಯೆನಿಸಿಕೊಂಡಳು. ಕಲ್ಲೇಶನೇ ಆ ವಾಕ್ಯ ಬರೆದಿದ್ದರೆ ನಾನು ಏನು ಮಾಡುತ್ತಿದ್ದೆನೆಂದು ನನಗೆ ಗೊತ್ತಿತ್ತು. ಇವನು ಎಲ್ಲಿಂದಲೋ ಓದಿಕೊಂಡಿದ್ದಾನೆ, ಜಾಣ, ನೋಡೋಣವೆಂದು ಖಾನೆಯಿಂದ ಪುಸ್ತಕ ತೆಗೆಯುತ್ತಿದ್ದೆ.

“ಹೊಲಕ್ಕ ಹೋಗೋ ಹುಡುಗಿಗೆ ಇಷ್ಟು ತಿಳಿಯಾಂಗಿಲ್ಲ ಅಂತ ಅನ್ಕೊಂಡಿದ್ದೆ,” ಎಂದೆ. “ಬ್ಯಾರೇ ಕಾರಣ ಇಲ್ಲ. ಬ್ಯಾರೇ ಯಾರಾದ್ರೂ ಬರದಿದ್ರ ನಾ ಕೇಳತಿರಲಿಲ್ಲ. ಆ ತಪ್ಪು ನೋಟ್ಸಿನದಲ್ಲವ್ವಾ, ನನ್ನದು.”

ಮುಂದಿನ ಬೆಂಚಿನ ಕೆಲವರು ತಲೆ ತಗ್ಗಿಸಿದರು. ಸುರೇಖಾ, “ನಮ್ಮವ್ವಗ ನಾಳಿ ಹೇಳ್ತೀನಿ ಅಂದಿದ್ರಂತ” ಎಂದಷ್ಟೇ ಹೇಳಿ ಕೂತಳು. ಪುಸ್ತಕ ತೆರೆದಳು. ಮತ್ತೆ ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಿಬ್ಬಂದಿ ಕೋಣೆಯನ್ನು ತಲುಪಿತ್ತು. ದೊಡ್ಡ ಮೇಜಿನ ಮಾತು ನಾನು ಬಾಗಿಲಿಗೆ ಬಂದಾಗ ನಿಂತು, ನಾನು ಕೂತ ಮೇಲೆ ಮುಂದುವರಿಯಿತು. ರಸಾಯನಶಾಸ್ತ್ರದ ಕವಿತಾ ಮೇಡಂ ಮಾತ್ರ ನನಗೆ ಕೇಳುವಂತೆ, ಇನ್ನು ಮೇಲೆ ನಾವೂ ಪುಸ್ತಕ ಓದಬೇಕೇನೋ ಎಂದರು. ನಗೆ ಎದ್ದಿತು. ಡಬ್ಬಿಯನ್ನು ಮುಚ್ಚಿ, ಕೊನೆಯ ಅವಧಿಗೆ ರಜೆ ಬರೆದು ಕೊಟ್ಟು, ಫಕೀರಮ್ಮ ಕೂಲಿಗೆ ಹೋಗುವ ಯಲಬುರ್ಗಾ ರಸ್ತೆಯ ಹೊಲಗಳ ಕಡೆಗೆ ನಡೆದೆ.

ಮೂರು ಗಂಟೆಯ ಬಿಸಿಲು. ಕಪ್ಪು ಎರೆಯ ಹೊಲದಲ್ಲಿ ಹತ್ತಿಯ ಗಿಡಗಳು ಎದೆಯೆತ್ತರ ಬೆಳೆದಿದ್ದವು. ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸಾಲುಗಳ ನಡುವೆ ಚದುರಿಕೊಂಡು, ಮರುದಿನ ಅರಳಬೇಕಾದ ಮೊಗ್ಗುಗಳನ್ನು ಹುಡುಕಿ, ಉಗುರಿನಿಂದ ಸೀಳಿ, ಒಳಗಿನ ಕೇಸರಗಳನ್ನು ತೆಗೆದುಹಾಕುತ್ತಿದ್ದರು. ಈ ಕೆಲಸ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಉಳಿದ ಮೊಗ್ಗು ಮರುದಿನ ತಾನೇ ಅರಳಿ ವ್ಯರ್ಥವಾಗುತ್ತದೆ. ಪರಾಗಸ್ಪರ್ಶವನ್ನು ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದನ್ನು ಕೈಯಿಂದ ಮಾಡುವವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬದುವಿನ ಮೇಲೆ ನಿಂತು ಫಕೀರಮ್ಮನನ್ನು ಕೇಳಿದೆ. ಒಬ್ಬಾಕೆ ಕೈ ತೋರಿಸಿ, “ಸಾಲಿ ಮಾಸ್ತರ ಬಂದಾರ ನೋಡ ಯಕ್ಕಾ, ನಿನಗೂ ಹಾಜರಿ ತಗೊಳ್ಳಾಕ” ಎಂದು ಕೂಗಿದಳು. ಕೆಲವರು ನಕ್ಕರು. ಫಕೀರಮ್ಮ ತಲೆ ಎತ್ತಿ ನೋಡಿ ಮತ್ತೆ ಮೊಗ್ಗಿಗೆ ಕೈ ಹಾಕಿದಳು. ಸಾಲು ಬಿಟ್ಟು ಬರಲಿಲ್ಲ. ನಾನೇ ಗಿಡಗಳ ನಡುವೆ ಇಳಿದು, ಅವಳ ಪಕ್ಕದ ಸಾಲಿನಲ್ಲಿ, ಅವಳು ಮುಂದೆ ಸರಿದಂತೆ ಸರಿಯುತ್ತ ಮಾತಾಡಬೇಕಾಯಿತು.

ನಿನ್ನೆ ಅವಳು ತೋರಿಸಿದ ಪುಟದಲ್ಲಿ ಆ ಮಾತು ಇತ್ತು ಎಂದೆ. ಇರುವುದನ್ನು ಕಂಡೂ ನಾಳೆ ಎಂದೆ, ಅಂಜಿಕೆಯಿಂದ ಎಂದೆ. ಮಗಳ ಮೇಲೆ ಕಳ್ಳತನ ಹೊರಿಸಿದ್ದು ಅವಳ ಉತ್ತರ ನೋಡಿ ಅಲ್ಲ, ಅವಳನ್ನು ನೋಡಿ ಎಂದೆ. ಪಕ್ಕದ ಸಾಲುಗಳಲ್ಲಿ ಕೈಗಳು ನಿಂತದ್ದು ತಿಳಿಯಿತು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ; ಏಕೆಂದರೆ ಅವಳ ಮಗಳನ್ನು ನಾನು ಎಲ್ಲರಿಗೂ ಕೇಳುವಂತೆಯೇ ಕೇಳಿದ್ದೆ.

“ಫಕೀರಮ್ಮನವರ, ತಪ್ಪಾತು. ಮಗಳಿಗೂ ನಿಮಗೂ ಇಬ್ಬರಿಗೂ ನಾ ತಪ್ಪು ಮಾಡೀನಿ.”

ಅವಳ ಬೆರಳುಗಳು ನಿಲ್ಲಲಿಲ್ಲ. ಒಂದು ಮೊಗ್ಗು ಮುಗಿಸಿ, ಕಾಗದದ ಸಣ್ಣ ಕೊಳವೆ ತೊಡಿಸಿ, ಇನ್ನೊಂದಕ್ಕೆ ಹೋದಳು.

“ಅಕೀಗಿ ಹೇಳಿದ್ರ್ಯಾ?”

“ಹೇಳೀನ್ರಿ. ಕ್ಲಾಸಿನಾಗ, ಎಲ್ಲಾರ ಮುಂದ.”

“ಏನಂದ್ಲು?”

“ನಿಮಗ ನಾಳಿ ಹೇಳ್ತೀನಿ ಅಂದಿದ್ದನ್ನ ನೆನಪ ಮಾಡಿದ್ಲು. ಮತ್ತೇನೂ ಅನ್ನಲಿಲ್ರಿ.”

ಅವಳು ತಲೆಯಾಡಿಸಿದಳು. ಮಗಳು ಮಾಡಿದ್ದು ಸರಿಯೆನ್ನುವಂತೆಯೋ, ತಾನೂ ಅದಕ್ಕಿಂತ ಹೆಚ್ಚು ಹೇಳಲಾರೆನೆನ್ನುವಂತೆಯೋ ತಿಳಿಯಲಿಲ್ಲ. “ಆತ್ರಿ,” ಎಂದಳು. ಆಮೇಲೆ, “ಹಿಂದಕ್ಕ ಸರೀರಿ ಸರ, ಟೊಂಗಿ ಮುರೀತೈತಿ” ಎಂದಳು.

ನಾನು ಹಿಂದಕ್ಕೆ ಸರಿದೆ. ಹೆಣ್ಣುಮಕ್ಕಳ ಕೈಗಳು ಮತ್ತೆ ಮೊಗ್ಗುಗಳಿಗೆ ಹೋದವು. ಸಾಲುಗಳು ನನ್ನನ್ನು ಬಿಟ್ಟು ಮುಂದೆ ಸಾಗಿದವು. ಯಾರೋ ಯಾರಿಗೋ ಏನೋ ಹೇಳಿದರು, ಯಾರೋ ನಕ್ಕರು. ಆ ನಗೆ ನನ್ನನ್ನು ಕುರಿತದ್ದಾಗಿರಲಿಲ್ಲ. ಬದುವಿಗೆ ಬಂದು ಅಂಗಿಗೆ ಅಂಟಿದ ಎಲೆಗಳನ್ನು ಕೊಡವಿಕೊಂಡು, ಕುಕನೂರಿನ ಬಸ್ಸಿಗಾಗಿ ರಸ್ತೆಯಲ್ಲಿ ನಿಂತೆ.